ಒಂಬತ್ತು ವರ್ಷದ ನಂತರ ಬಂದ ಕೆಮ್ಮು



ಬೈಂದೂರಿನ ಸಮೀಪದ ಒಂದು ಹಳ್ಳಿಯಲ್ಲಿರುವ ಅರವತ್ತೆರಡು ವರ್ಷದ ಒಬ್ಬ ಅಜ್ಜಿಯನ್ನು ಕಲ್ಪಿಸಿಕೊಳ್ಳಿ. ಇವರು ನಿಜವಾದ ವ್ಯಕ್ತಿಯಲ್ಲ. ವೈದ್ಯಶಾಸ್ತ್ರದ ಹಲವು ಸಂಗತಿಗಳನ್ನು ಒಂದೆಡೆ ತರುವುದಕ್ಕಾಗಿ ನಾನು ಕಟ್ಟಿಕೊಂಡ ಪಾತ್ರ. ಪ್ರಾಯದಲ್ಲೆಲ್ಲ ಗೇರುಬೀಜದ ಕಾರ್ಖಾನೆಯಲ್ಲಿ ದುಡಿದವರು. ಮಗಳನ್ನು ಬ್ರಹ್ಮಾವರಕ್ಕೆ ಕೊಟ್ಟಿದ್ದಾರೆ. ಮಗನ ಮಗ ಕುಂದಾಪುರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾನೆ. ಒಂಬತ್ತು ವರ್ಷಗಳ ಹಿಂದೆ ಅವರಿಗೆ ಗರ್ಭಕಂಠದ ಕ್ಯಾನ್ಸರ್ ಆಗಿತ್ತು. ಶಸ್ತ್ರಚಿಕಿತ್ಸೆ ಆಯಿತು, ವಿಕಿರಣ ಚಿಕಿತ್ಸೆಯೂ ಆಯಿತು. ಐದು ವರ್ಷ ತಪ್ಪದೆ ತಪಾಸಣೆಗೆ ಹೋದರು. ಐದನೆಯ ವರ್ಷ ಡಾಕ್ಟರು, "ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು" ಎಂದರು. ಮನೆಯವರಿಗೆ ಅದು "ಇನ್ನು ಬರಬೇಕಾಗಿಲ್ಲ" ಎಂದು ಕೇಳಿಸಿತು.

ಈ ವರ್ಷ ಆಷಾಢದಲ್ಲಿ ಕೆಮ್ಮು ಶುರುವಾಯಿತು. "ಹ್ವಾಯ್, ಮಳೆಗಾಲದ್ ಕೆಮ್ಮ್ ಅಲ್ದಾ" ಎಂದರು ನೆರೆಮನೆಯವರು. ಕಷಾಯವಾಯಿತು, ಸಿರಪ್ ಆಯಿತು. ಎರಡು ತಿಂಗಳಾದರೂ ಬಿಡಲಿಲ್ಲ. ಕೊನೆಗೆ ಮೊಮ್ಮಗ ಕುಂದಾಪುರಕ್ಕೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದ. ಎರಡೂ ಶ್ವಾಸಕೋಶಗಳಲ್ಲಿ ಗೋಲಿಯಂಥ ದುಂಡನೆಯ ಮೂರು ನಾಲ್ಕು ನೆರಳುಗಳು ಕಂಡವು.

ಈ ನೆರಳು ಯಾವುದರದು? ಮೂರು ಉತ್ತರಗಳಿವೆ. ಕ್ಷಯ ಇರಬಹುದು. ಶ್ವಾಸಕೋಶದಲ್ಲಿಯೇ ಹೊಸದಾಗಿ ಹುಟ್ಟಿದ ಕ್ಯಾನ್ಸರ್ ಇರಬಹುದು. ಒಂಬತ್ತು ವರ್ಷ ಹಿಂದಿನ ಗರ್ಭಕಂಠದ ಕ್ಯಾನ್ಸರೇ ಊರು ಬಿಟ್ಟು ಇಲ್ಲಿ ಬಂದು ಮನೆ ಮಾಡಿರಲೂಬಹುದು. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಒಂದರ ಔಷಧ ಇನ್ನೊಂದಕ್ಕೆ ಪ್ರಯೋಜನವಿಲ್ಲ. ತಪ್ಪು ಉತ್ತರ ಹಿಡಿದು ಆರು ತಿಂಗಳು ಕಳೆದರೆ ಆ ಆರು ತಿಂಗಳು ಮತ್ತೆ ಸಿಗುವುದಿಲ್ಲ. ಸರಿಯಾದ ಉತ್ತರವನ್ನು ವೈದ್ಯರು ಹೇಗೆ ಹುಡುಕುತ್ತಾರೆ ಎಂಬುದೇ ಈ ಲೇಖನದ ವಿಷಯ.

ಮೊದಲು ಗರ್ಭಕಂಠವೆಂದರೆ ಏನೆಂದು ತಿಳಿಯೋಣ. ಈ ಪದ ಬಂದ ಕೂಡಲೇ ಸ್ಟುಡಿಯೋದಲ್ಲಿ ಕುಳಿತವರ ದನಿ ತಗ್ಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹೃದಯ, ಮೂತ್ರಪಿಂಡ ಎಂದು ಹೇಳುವಾಗ ಇಲ್ಲದ ಸಂಕೋಚ ಇಲ್ಲೇಕೆ ಬರಬೇಕೋ ತಿಳಿಯದು. ಗರ್ಭಕೋಶವನ್ನು ತಲೆಕೆಳಗಾಗಿಟ್ಟ ಒಂದು ತಂಬಿಗೆ ಎಂದುಕೊಂಡರೆ ಅದರ ಕೊರಳೇ ಗರ್ಭಕಂಠ. ಕೊರಳಿನ ಹೊರಬಾಯಿಯನ್ನು ಚಪ್ಪಟೆ ಜೀವಕೋಶಗಳು ಹೆಂಚು ಹೊದೆಸಿದಂತೆ ಪದರ ಪದರವಾಗಿ ಮುಚ್ಚಿವೆ. ಒಳಗಿನ ಕಾಲುವೆಯ ಗೋಡೆಯಲ್ಲಿ ಲೋಳೆ ಸ್ರವಿಸುವ ಎತ್ತರದ ಕೋಶಗಳೂ ಅವು ರೂಪಿಸಿದ ಗ್ರಂಥಿಗಳೂ ಇವೆ. ಗರ್ಭಕಂಠದ ಕ್ಯಾನ್ಸರುಗಳಲ್ಲಿ ಬಹುಪಾಲು ಚಪ್ಪಟೆ ಕೋಶಗಳಲ್ಲಿ ಹುಟ್ಟುತ್ತವೆ. ಗ್ರಂಥಿಕೋಶಗಳಲ್ಲಿ ಹುಟ್ಟುವುದು ಕಡಿಮೆ. ಆ ಕಡಿಮೆಯಲ್ಲಿಯೂ ತೀರ ಅಪರೂಪದ ಕೆಲವು ಬಗೆಗಳಿವೆ.

ಅಂಥ ಒಂದು ಬಗೆಯನ್ನು 1870ರಲ್ಲಿ ಗುಸ್ಸೆರೋ ಎಂಬ ಜರ್ಮನ್ ವೈದ್ಯ ವರ್ಣಿಸಿದ. ಅದಕ್ಕೆ 'ಅಡಿನೋಮ ಮ್ಯಾಲಿಗ್ನಮ್' ಎಂಬ ಹೆಸರು ಬಂತು. ಈ ಹೆಸರಿನಲ್ಲಿಯೇ ಒಂದು ವಿರೋಧವಿದೆ. ಅಡಿನೋಮ ಎಂದರೆ ನಿರುಪದ್ರವಿ ಗ್ರಂಥಿಗಡ್ಡೆ, ಮ್ಯಾಲಿಗ್ನಮ್ ಎಂದರೆ ಮಾರಕ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದರ ಗ್ರಂಥಿಗಳು ಬಹುಮಟ್ಟಿಗೆ ಆರೋಗ್ಯವಂತ ಗ್ರಂಥಿಗಳಂತೆಯೇ ಇರುತ್ತವೆ. ಕೋಶಗಳ ನ್ಯೂಕ್ಲಿಯಸ್ ದೊಡ್ಡದಾಗಿಲ್ಲ, ಆಕಾರ ಅಷ್ಟೇನೂ ಕೆಟ್ಟಿಲ್ಲ. ಆದರೆ ಇರಬಾರದಷ್ಟು ಆಳದಲ್ಲಿ ಇರುತ್ತವೆ. ಕಳ್ಳ ಪೊಲೀಸ್ ಸಮವಸ್ತ್ರ ತೊಟ್ಟು ಮನೆಯೊಳಗೆ ಬಂದಂತೆ. ಗರ್ಭಕಂಠದ ಗ್ರಂಥಿಕ್ಯಾನ್ಸರುಗಳಲ್ಲಿ ಇದರ ಪಾಲು ನೂರಕ್ಕೆ ಒಂದರಿಂದ ಮೂರರಷ್ಟು ಮಾತ್ರ. ಇದರ ಕೋಶಗಳು ಹೊಟ್ಟೆಯ ಜಠರದ ಲೋಳೆಕೋಶಗಳನ್ನು ಹೋಲುವುದರಿಂದ ಇಂದಿನ ವರ್ಗೀಕರಣದಲ್ಲಿ ಇದನ್ನು 'ಜಠರ ಮಾದರಿ'ಯ ಕ್ಯಾನ್ಸರಿನ ಗುಂಪಿಗೆ ಸೇರಿಸಿದ್ದಾರೆ.

ನಮ್ಮ ಅಜ್ಜಿಗೆ ಬಂದದ್ದು ಇದೇ ಎಂದು ಇಟ್ಟುಕೊಳ್ಳೋಣ. ಇದರ ಮೊದಲ ಲಕ್ಷಣ ಹಲವು ಸಲ ರಕ್ತಸ್ರಾವವಲ್ಲ. ನೀರಿನಂತೆ, ಲೋಳೆಯಂತೆ ಹೇರಳವಾಗಿ ಹೋಗುವ ಬಿಳಿಸೆರಗು. ನಮ್ಮ ಕಡೆ ಹೆಂಗಸರು ಇದನ್ನು 'ಉಷ್ಣ' ಎಂದು ಕರೆದು ಎಳನೀರು ಕುಡಿದು ಸುಮ್ಮನಾಗುತ್ತಾರೆ. ಮುಟ್ಟು ನಿಂತ ಮೇಲೆ ಹೀಗಾದರೆ ಯಾರಿಗೂ ಹೇಳುವುದೇ ಇಲ್ಲ.

ಇಲ್ಲಿ ನೀವೊಂದು ಪ್ರಶ್ನೆ ಕೇಳಬಹುದು. ಗರ್ಭಕಂಠದ ಕ್ಯಾನ್ಸರನ್ನು ಮೊದಲೇ ಹಿಡಿಯುವ ಪರೀಕ್ಷೆಗಳಿವೆಯಲ್ಲ? ಇವೆ. ಜಾರ್ಜ್ ಪ್ಯಾಪನಿಕೊಲಾವ್ ತನ್ನ ಸಹೋದ್ಯೋಗಿ ಹರ್ಬರ್ಟ್ ಟ್ರಾಟ್ ಜೊತೆ 1943ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಪ್ಯಾಪ್ ಪರೀಕ್ಷೆ ಜಗತ್ತಿಗೆ ಪರಿಚಯವಾಯಿತು. ಹೊರಬಾಯಿಯ ಕೋಶಗಳನ್ನು ಕೆರೆದು ಗಾಜಿನ ಮೇಲೆ ಸವರಿ ನೋಡುವುದು. ಅದಕ್ಕಿಂತ ಹೊಸದು ಎಚ್‌ಪಿವಿ ಎಂಬ ವೈರಸ್ಸಿನ ಪರೀಕ್ಷೆ. ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಮತ್ತು ಸಂಗಡಿಗರು 1983ರಲ್ಲಿ ಈ ವೈರಸ್ಸಿನ 16ನೆಯ ಬಗೆಯನ್ನೂ, ಮರುವರ್ಷ 18ನೆಯ ಬಗೆಯನ್ನೂ ಗರ್ಭಕಂಠದ ಕ್ಯಾನ್ಸರಿನಲ್ಲಿ ಗುರುತಿಸಿದರು. 2008ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಬೀದರ್, ಕಲಬುರಗಿಗಳ ಗಡಿಗೆ ತಾಗಿಕೊಂಡಿರುವ ಮಹಾರಾಷ್ಟ್ರದ, ಆಗ ಉಸ್ಮಾನಾಬಾದ್ ಎಂಬ ಹೆಸರಿದ್ದ ಜಿಲ್ಲೆಯ ಹಳ್ಳಿಗಳಲ್ಲಿ 1,31,000ಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಒಂದು ಅಧ್ಯಯನ ನಡೆಯಿತು. ಅದರ ಫಲಿತಾಂಶ 2009ರಲ್ಲಿ ಹೊರಬಂತು. ಜೀವನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟರೂ ಈ ಕ್ಯಾನ್ಸರಿನಿಂದಾಗುವ ಸಾವು ಸುಮಾರು ಅರ್ಧದಷ್ಟು ಇಳಿಯಿತು. ಜಗತ್ತು ಗಮನಿಸಿದ ಅಧ್ಯಯನ ಅದು.

ಆದರೆ ಜಠರ ಮಾದರಿಯ ಈ ಅಪರೂಪದ ಬಗೆ ಎರಡೂ ಬಲೆಗಳಿಂದ ನುಣುಚಿಕೊಳ್ಳುತ್ತದೆ. ಅದು ಕಾಲುವೆಯ ಒಳಗೆ, ಎತ್ತರದಲ್ಲಿ, ಗೋಡೆಯ ಆಳದಲ್ಲಿ ಬೆಳೆಯುವುದರಿಂದ ಮೇಲಿನಿಂದ ಕೆರೆದರೆ ಕೋಶ ಸಿಗದೆ ಹೋಗಬಹುದು. ಸಿಕ್ಕರೂ ಆರೋಗ್ಯವಂತ ಕೋಶದಂತೆ ಕಾಣುತ್ತದೆ. ಇದಕ್ಕೂ ಎಚ್‌ಪಿವಿ ವೈರಸ್ಸಿಗೂ ಸಂಬಂಧವೇ ಇಲ್ಲದ್ದರಿಂದ ವೈರಸ್ ಪರೀಕ್ಷೆಯಲ್ಲಿಯೂ ಏನೂ ಕಾಣುವುದಿಲ್ಲ. ಆ ಪರೀಕ್ಷೆಗಳು ನಿಷ್ಪ್ರಯೋಜಕ ಎಂದು ದಯವಿಟ್ಟು ಅರ್ಥ ಮಾಡಬೇಡಿ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಗರ್ಭಕಂಠದ ಕ್ಯಾನ್ಸರುಗಳ ಹಿಂದೆ ಆ ವೈರಸ್ಸೇ ಇದೆ. 2022ನೆಯ ವರ್ಷದ ಅಂದಾಜಿನಂತೆ ಭಾರತದಲ್ಲಿ ಸುಮಾರು 1,27,000 ಮಹಿಳೆಯರಿಗೆ ಹೊಸದಾಗಿ ಈ ಕ್ಯಾನ್ಸರ್ ಬಂತು, ಸುಮಾರು 80,000 ಮಂದಿ ತೀರಿಕೊಂಡರು. ಇವರಲ್ಲಿ ಬಹುಪಾಲು ಮಂದಿಯನ್ನು ಲಸಿಕೆ ಮತ್ತು ಪರೀಕ್ಷೆಗಳಿಂದ ಉಳಿಸಬಹುದಿತ್ತು. ನಾನು ಹೇಳುತ್ತಿರುವುದು ಉಳಿದ ಸಣ್ಣ ಗುಂಪಿನ ಕಥೆ.

ಈಗ ಕಾಲದ ಪ್ರಶ್ನೆ. ಗಡ್ಡೆಯನ್ನು ಕತ್ತರಿಸಿ ತೆಗೆದ ಒಂಬತ್ತು ವರ್ಷಗಳ ಮೇಲೆ ಅದು ಎಲ್ಲಿಂದ ಬಂತು? ಗರ್ಭಕಂಠದ ಕ್ಯಾನ್ಸರ್ ಮರಳುವುದಿದ್ದರೆ ಹೆಚ್ಚಿನ ರೋಗಿಗಳಲ್ಲಿ ಮೊದಲ ಎರಡು ಮೂರು ವರ್ಷಗಳೊಳಗೇ ಮರಳುತ್ತದೆ. ತಡವಾಗಿ ಬರುವುದು ವಿರಳ. ವಿರಳವಾದದ್ದರಿಂದಲೇ ಯಾರಿಗೂ ಅನುಮಾನ ಬರುವುದಿಲ್ಲ.

ಒಂದು ಲೆಕ್ಕ ಮಾಡೋಣ, ಪೆನ್ಸಿಲ್ ತೆಗೆದುಕೊಳ್ಳಿ. ಶಸ್ತ್ರಚಿಕಿತ್ಸೆಗೆ ಮೊದಲೇ ಒಂದೇ ಒಂದು ಕೋಶ ರಕ್ತದಲ್ಲಿ ತೇಲಿ ಶ್ವಾಸಕೋಶಕ್ಕೆ ಹೋಗಿ ಕುಳಿತಿತ್ತು ಎನ್ನಿ. ಅದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ. ಹೀಗೆ ಮೂವತ್ತು ಸಲ ಇಮ್ಮಡಿಯಾದರೆ ಎಷ್ಟಾಗುತ್ತದೆ? 107 ಕೋಟಿಗಿಂತ ಹೆಚ್ಚು. ಸುಮಾರು ನೂರು ಕೋಟಿ ಕೋಶಗಳೆಂದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನ ಗಂಟು, ಒಂದು ಕಡಲೆಕಾಳಿನಷ್ಟು. ಸಾಮಾನ್ಯ ಎಕ್ಸ್‌ರೇಯಲ್ಲಿ ಧೈರ್ಯವಾಗಿ ಗುರುತಿಸಬಹುದಾದ ಗಾತ್ರ ಅದು. ಒಂದು ಇಮ್ಮಡಿಗೆ 110 ದಿನ ಬೇಕು ಎಂದು ಹಿಡಿದರೆ ಮೂವತ್ತು ಇಮ್ಮಡಿಗೆ 3,300 ದಿನ. ಅದನ್ನು 365ರಿಂದ ಭಾಗಿಸಿ. ಒಂಬತ್ತು ವರ್ಷ!

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಐದನೆಯ ವರ್ಷ ತಪಾಸಣೆಗೆ ಹೋದಾಗ ಎಷ್ಟು ಇಮ್ಮಡಿಗಳಾಗಿದ್ದವು? 1,825 ದಿನಕ್ಕೆ ಹದಿನಾರು, ಹೆಚ್ಚೆಂದರೆ ಹದಿನೇಳು. ಆಗ ಗಂಟಿನ ಅಗಲ ಅರ್ಧ ಮಿಲಿಮೀಟರನ್ನೂ ಮುಟ್ಟಿರಲಿಲ್ಲ. ಅದನ್ನು ತೋರಿಸುವ ಯಂತ್ರ ಯಾವ ಆಸ್ಪತ್ರೆಯಲ್ಲಿಯೂ ಇಲ್ಲ. ಡಾಕ್ಟರು "ಏನೂ ಇಲ್ಲ" ಎಂದದ್ದು ಸುಳ್ಳಲ್ಲ. "ಕಾಣುವಂಥದ್ದು ಏನೂ ಇಲ್ಲ" ಎಂಬುದು ಅದರ ಪೂರ್ಣ ಅರ್ಥ. ಸಿ.ಟಿ. ಸ್ಕ್ಯಾನ್ ಅರ್ಧ ಸೆಂಟಿಮೀಟರಿನ ಗಂಟನ್ನು ಸುಲಭವಾಗಿ ತೋರಿಸುತ್ತದೆ. ಅಗಲ ಅರ್ಧವಾದರೆ ಗಾತ್ರ ಎಂಟನೆಯ ಒಂದು ಪಾಲು. ಅಂದರೆ ಮೂರು ಇಮ್ಮಡಿ ಹಿಂದೆ, ಸುಮಾರು ಹನ್ನೊಂದು ತಿಂಗಳು ಮೊದಲು. ದುಬಾರಿ ಯಂತ್ರ ಕೊಡುವ ಲಾಭ ಇಷ್ಟು.

ನಿಜವಾದ ಗಡ್ಡೆ ಹೀಗೆ ಗಡಿಯಾರದಂತೆ ಬೆಳೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಎಷ್ಟೋ ಕೋಶಗಳು ಸಾಯುತ್ತವೆ. ಕೆಲವು ಬೆಳೆಯದೆ, ಸಾಯದೆ, ವರ್ಷಗಟ್ಟಲೆ ಸುಪ್ತವಾಗಿರುತ್ತವೆ. ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರಿನಿಂದ ಸತ್ತ 735 ಮಂದಿಯ ಶವಪರೀಕ್ಷೆಯ ವಿವರಗಳನ್ನು ಹೋಲಿಸಿ, 1889ರಲ್ಲಿ ಕ್ಯಾನ್ಸರ್ ಕೋಶವನ್ನು ಬೀಜಕ್ಕೂ ಅದು ಹೋಗಿ ನೆಲೆಸುವ ಅಂಗವನ್ನು ಮಣ್ಣಿಗೂ ಹೋಲಿಸಿದ. ಬೀಜ ಎಲ್ಲ ಕಡೆ ಬಿದ್ದರೂ ಹದವಾದ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ. ಬ್ರಹ್ಮಾವರದ ಕಡೆಯ ಗದ್ದೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸುಗ್ಗಿ ಮುಗಿದು ಒಣಗಿದ ಗದ್ದೆಯಲ್ಲಿ ಹುಲ್ಲಿನ ಬೀಜ ಇದೆಯೋ ಇಲ್ಲವೋ ಎಂದು ಏಪ್ರಿಲಿನಲ್ಲಿ ಯಾರೂ ಹೇಳಲಾರರು. ಕ್ಯಾನ್ಸರ್ ಕೋಶಕ್ಕೆ ಬೇಕಾದ ಮಳೆಯೆಂದರೆ ಹೊಸ ರಕ್ತನಾಳ. ರಕ್ತದ ಸರಬರಾಜು ಇಲ್ಲದೆ ಗಡ್ಡೆ ಒಂದೆರಡು ಮಿಲಿಮೀಟರಿಗಿಂತ ಬೆಳೆಯಲಾರದು ಎಂದು ಅಮೆರಿಕದ ಜೂಡಾ ಫೋಕ್ಮನ್ 1971ರಲ್ಲಿ ವಾದಿಸಿದರು. ಮೊದಲಿಗೆ ಅದನ್ನು ಒಪ್ಪಿದವರು ಕಡಿಮೆ.

ತಡವಾಗಿ ಮರಳುವ ಕಥೆಗೆ ಇನ್ನೊಂದು ಅಪರೂಪದ ಬಗೆಯೂ ಸಾಕ್ಷಿ. 1971ರಲ್ಲಿ ಬಾಸ್ಟನ್ನಿನ ಆರ್ಥರ್ ಹರ್ಬ್ಸ್ಟ್ ಮತ್ತು ಜೊತೆಗಾರರು ಎಂಟು ಮಂದಿ ತರುಣಿಯರ ಯೋನಿಯ ಗ್ರಂಥಿಕ್ಯಾನ್ಸರನ್ನು ಅಧ್ಯಯನ ಮಾಡಿದಾಗ, ಅವರಲ್ಲಿ ಏಳು ಮಂದಿಯ ತಾಯಂದಿರು ಬಸಿರಿನಲ್ಲಿ ಸ್ಟಿಲ್ಬೆಸ್ಟ್ರಾಲ್ ಎಂಬ ಹಾರ್ಮೋನು ಮಾತ್ರೆ ಸೇವಿಸಿದ್ದರು ಎಂದು ತಿಳಿಯಿತು. ಅದೇ 'ಕ್ಲಿಯರ್ ಸೆಲ್' ಬಗೆ ಗರ್ಭಕಂಠದಲ್ಲಿಯೂ ಕಂಡುಬಂತು. ಇಂಥವರನ್ನು ದಾಖಲಿಸಲು ಒಂದು ನೋಂದಣಿಯನ್ನೇ ತೆರೆದರು. ಚಿಕಿತ್ಸೆಯಾಗಿ ಬಹಳ ವರ್ಷ ಆರೋಗ್ಯವಾಗಿದ್ದ ಕೆಲವರಲ್ಲಿ ಶ್ವಾಸಕೋಶದಲ್ಲಿಯೂ ಕುತ್ತಿಗೆಯ ಬುಡದಲ್ಲಿಯೂ ರೋಗ ಮರಳಿದ್ದು ಗೊತ್ತಾಗಿದೆ.

ಕುತ್ತಿಗೆಯ ಬುಡ ಎಂದೆ. ಗರ್ಭಕಂಠ ಎಲ್ಲಿ, ಕುತ್ತಿಗೆ ಎಲ್ಲಿ? ದೇಹದಲ್ಲಿ ರಕ್ತನಾಳದ ಹಾಗೆ ದುಗ್ಧರಸದ ನಾಳಗಳ ಒಂದು ಜಾಲವೂ ಇದೆ. ಕಾಲುಗಳು, ಕಿಬ್ಬೊಟ್ಟೆ, ಹೊಟ್ಟೆಗಳ ದುಗ್ಧರಸವೆಲ್ಲ ಒಂದು ದೊಡ್ಡ ನಾಳದಲ್ಲಿ ಸೇರಿ ಬೆನ್ನುಮೂಳೆಯ ಮುಂದೆ ಮೇಲಕ್ಕೆ ಹರಿದು, ಎಡಭುಜದ ಹತ್ತಿರ, ಕುತ್ತಿಗೆಯ ಬುಡದಲ್ಲಿ ರಕ್ತಕ್ಕೆ ಸೇರುತ್ತದೆ. ಐದು ಹೊಳೆಗಳು ಸೇರಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುವಂತೆ. ಹೊಳೆಯಲ್ಲಿ ತೇಲಿಬಂದ ಕಸ ಅಳಿವೆಯಲ್ಲಿ ಸಿಕ್ಕಿಕೊಳ್ಳುವ ಹಾಗೆ ಕ್ಯಾನ್ಸರ್ ಕೋಶಗಳು ಎಡ ಕೊರಳೆಲುಬಿನ ಮೇಲಿನ ದುಗ್ಧಗ್ರಂಥಿಯಲ್ಲಿ ನಿಲ್ಲುತ್ತವೆ. ಅನುಭವಿ ವೈದ್ಯರು ಕ್ಯಾನ್ಸರ್ ಆಗಿದ್ದವರನ್ನು ಪರೀಕ್ಷಿಸುವಾಗ ಮಾತನಾಡುತ್ತಲೇ ಎಡಗೊರಳಿನ ಗುಳಿಯಲ್ಲಿ ಬೆರಳಾಡಿಸುವುದು ಅದಕ್ಕೇ. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ.

ಈಗ ಅಜ್ಜಿಯ ಎಕ್ಸ್‌ರೇಗೆ ಮರಳೋಣ. ನಮ್ಮ ದೇಶದಲ್ಲಿ ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕ್ಷಯವನ್ನೇ ಹುಡುಕಬೇಕು. ಅದು ಸರಿಯಾದ ಕ್ರಮ. ಆದರೆ ಹುಡುಕುವುದು ಬೇರೆ, ಊಹಿಸುವುದು ಬೇರೆ. ಕಫದಲ್ಲಿ ಕ್ಷಯದ ರೋಗಾಣು ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿಯೂ, ಅದರ ಡಿ.ಎನ್.ಎ. ಗುರುತಿಸುವ ಯಂತ್ರದಲ್ಲಿಯೂ ನೋಡಬಹುದು. ರೋಗಾಣು ಸಿಕ್ಕದಿದ್ದರೂ "ಕ್ಷಯವೇ ಇರಬೇಕು" ಎಂದು ಮಾತ್ರೆ ಆರಂಭಿಸಿದರೆ ಅಪಾಯ. ಕ್ಷಯದ ನೆರಳು ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿ, ಅಂಚು ಮಸುಕಾಗಿ, ಕೆಲವೊಮ್ಮೆ ನಡುವೆ ಗುಳಿ ಬಿದ್ದು ಕಾಣುತ್ತದೆ. ಬೇರೆಡೆಯಿಂದ ಬಂದ ಕ್ಯಾನ್ಸರಿನ ಗಂಟುಗಳು ದುಂಡಗೆ, ಅಂಚು ಸ್ಪಷ್ಟವಾಗಿ, ಹಲವು ಇದ್ದು, ರಕ್ತ ಹೆಚ್ಚು ಹರಿಯುವ ಕೆಳಭಾಗದಲ್ಲಿ ಹೆಚ್ಚು. ಆದರೂ ನೆರಳನ್ನು ನೋಡಿ ಆಣೆ ಮಾಡುವಂತಿಲ್ಲ. ಎರಡೂ ರೋಗ ಒಬ್ಬರಲ್ಲೇ ಇರುವುದೂ ಉಂಟು.

ಈ ಹಂತದಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಒಂದು ಮಾತು. "ಇವರಿಗೆ ಒಂಬತ್ತು ವರ್ಷದ ಹಿಂದೆ ಕ್ಯಾನ್ಸರ್ ಆಗಿತ್ತು." ಅಜ್ಜಿ ಹೇಳುವುದಿಲ್ಲ. ಅವರ ಲೆಕ್ಕದಲ್ಲಿ ಅದು ಮುಗಿದ ಕಥೆ, ಅದೂ ಮೊಮ್ಮಗನ ಎದುರು ಆಡುವ ಮಾತಲ್ಲ. ಮೊಮ್ಮಗನಿಗೆ ಆಗ ಹತ್ತೋ ಹನ್ನೊಂದೋ ವರ್ಷ. "ಅಜ್ಜಿಗೆ ಹೊಟ್ಟೆ ಆಪರೇಷನ್" ಎಂದಷ್ಟೇ ಅವನಿಗೆ ಗೊತ್ತು. ಕೆಮ್ಮಿಗೆ ಔಷಧ ಕೊಡುವ ಡಾಕ್ಟರಿಗೆ ಹೊಟ್ಟೆಯ ಆಪರೇಷನ್ ವಿಷಯ ಯಾಕೆ ಎಂದು ಅವನೂ ಸುಮ್ಮನಿರಬಹುದು. ಬ್ರಹ್ಮಾವರದ ಅತ್ತೆಗೆ ಮಾತ್ರ ಪೂರ್ತಿ ಗೊತ್ತು. ಅವರು ಫೋನಿನಲ್ಲಿ ಹೇಳಿದರೆ ಡಾಕ್ಟರ ಆಲೋಚನೆಯ ದಿಕ್ಕೇ ಬದಲಾಗುತ್ತದೆ.

ಮುಂದಿನ ದಾರಿ ಹೆದ್ದಾರಿಯಲ್ಲಿ ದಕ್ಷಿಣಕ್ಕೆ. ಬೈಂದೂರು, ಕುಂದಾಪುರ, ಬ್ರಹ್ಮಾವರ ದಾಟಿ ಮಣಿಪಾಲ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಆರಂಭಿಸಿದ ಕಸ್ತೂರಬಾ ಮೆಡಿಕಲ್ ಕಾಲೇಜು ಇರುವುದರಿಂದ ಈ ಮೂರು ತಾಲೂಕುಗಳವರಿಗೆ ದೊಡ್ಡ ಆಸ್ಪತ್ರೆ ಒಂದೆರಡು ಗಂಟೆಯ ಹಾದಿ. ಕರ್ನಾಟಕದ ಎಷ್ಟೋ ತಾಲೂಕುಗಳಿಗೆ ಆ ಭಾಗ್ಯ ಇಲ್ಲ. ಅಲ್ಲಿನವರು 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ರಾತ್ರಿ ಬಸ್ಸು ಹಿಡಿಯಬೇಕು.

ಸಿ.ಟಿ. ಸ್ಕ್ಯಾನ್ ಗಂಟುಗಳ ಸಂಖ್ಯೆ, ಜಾಗ ತಿಳಿಸುತ್ತದೆ. ಬೇರೆಲ್ಲಾದರೂ ಇವೆಯೇ ಎಂದು ನೋಡಲು ಪೆಟ್ ಸ್ಕ್ಯಾನ್ ಮಾಡುವುದುಂಟು. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಇಷ್ಟವಾಗುವ ವಿಷಯ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಹೆಚ್ಚು ಹೀರುತ್ತವೆ. ಗ್ಲೂಕೋಸನ್ನು ಹೋಲುವ ಅಣುವಿಗೆ ಫ್ಲೋರಿನ್-18 ಎಂಬ ವಿಕಿರಣಶೀಲ ಪರಮಾಣು ಜೋಡಿಸಿ ರಕ್ತಕ್ಕೆ ಬಿಟ್ಟರೆ ಅದು ಸೇರಿದ ಜಾಗವೆಲ್ಲ ಚಿತ್ರದಲ್ಲಿ ಹೊಳೆಯುತ್ತದೆ. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಹನ್ನೊಂದು ಗಂಟೆಯಲ್ಲಿ ಆರು ಅರ್ಧಾಯುಷ್ಯ ಕಳೆದು ಅರವತ್ತನಾಲ್ಕನೆಯ ಒಂದು ಪಾಲು ಉಳಿಯುತ್ತದೆ. ಹಾಗಾಗಿ ತಯಾರಿಸಿದ ದಿನವೇ ಬಳಸಬೇಕು. ಆದರೆ ಈ ಪರೀಕ್ಷೆಗೊಂದು ದೋಷವಿದೆ. ಕ್ಷಯದ ಗಂಟಿನಲ್ಲಿ ರೋಗಾಣುವಿನೊಂದಿಗೆ ಹೋರಾಡುವ ಬಿಳಿ ರಕ್ತಕಣಗಳೂ ಗ್ಲೂಕೋಸನ್ನು ಹೀರುತ್ತವೆ. ಅದೂ ಅಷ್ಟೇ ಚೆನ್ನಾಗಿ ಹೊಳೆಯುತ್ತದೆ! ಕ್ಷಯ ಕಡಿಮೆಯಿರುವ ದೇಶದ ಪುಸ್ತಕ ಓದಿ ಇಲ್ಲಿ ತೀರ್ಪು ಕೊಡುವಂತಿಲ್ಲ.

ಕೊನೆಗೆ ಉಳಿಯುವುದು ತುಂಡು ಪರೀಕ್ಷೆ, ಅಂದರೆ ಬಯಾಪ್ಸಿ. ಸಿ.ಟಿ. ಚಿತ್ರ ನೋಡುತ್ತಾ ಪಕ್ಕೆಲುಬುಗಳ ನಡುವಿನಿಂದ ತೆಳುವಾದ ಸೂಜಿ ತೂರಿಸಿ ಗಂಟಿನಿಂದ ದಾರದಷ್ಟು ಅಂಗಾಂಶ ತೆಗೆಯುತ್ತಾರೆ. "ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ" ಎಂಬ ಹೆದರಿಕೆ ನಮ್ಮ ಜನರಲ್ಲಿ ಗಟ್ಟಿಯಾಗಿದೆ. ಸೂಜಿಯ ದಾರಿಯಲ್ಲಿ ಹರಡುವುದು ಅತಿ ವಿರಳ. ಹೆಸರು ಗೊತ್ತಿಲ್ಲದ ರೋಗಕ್ಕೆ ಔಷಧ ಕೊಡುವುದು ಅದಕ್ಕಿಂತ ಎಷ್ಟೋ ಪಾಲು ದೊಡ್ಡ ಅಪಾಯ. ಆ ತುಂಡನ್ನು ಫಾರ್ಮಲಿನ್ನಿನಲ್ಲಿ ಕೆಡದಂತೆ ಮಾಡಿ, ಪ್ಯಾರಾಫಿನ್ ಮೇಣದಲ್ಲಿ ಅಚ್ಚು ಹಾಕಿ, ಒಂದು ಮಿಲಿಮೀಟರಿನ ಸಾವಿರದ ಮೂರು ನಾಲ್ಕು ಪಾಲಿನಷ್ಟು ತೆಳುವಾಗಿ ಹೆರೆದು, ಬಣ್ಣ ಕಟ್ಟಿ ನೋಡುತ್ತಾರೆ.

ರೋಗಶಾಸ್ತ್ರಜ್ಞರಿಗೆ ಅಲ್ಲಿ ಲೋಳೆ ತುಂಬಿದ ಗ್ರಂಥಿಗಳು ಕಂಡವು ಎನ್ನಿ. ಕ್ಷಯವಲ್ಲ ಎಂಬುದು ಖಚಿತವಾಯಿತು. ಆದರೆ ಲೋಳೆ ತುಂಬಿದ ಗ್ರಂಥಿಕ್ಯಾನ್ಸರ್ ಶ್ವಾಸಕೋಶದಲ್ಲಿಯೇ ಹುಟ್ಟಬಹುದು, ಜಠರದಿಂದ ಬರಬಹುದು, ಮೇದೋಜೀರಕಾಂಗದಿಂದಲೂ ಬರಬಹುದು. ಯಾವ ಊರಿನದು ಎಂದು ಹೇಗೆ ಕೇಳುವುದು? ಮನುಷ್ಯ ಎಲ್ಲಿ ಹೋದರೂ ಮಾತಿನಲ್ಲಿ ಊರು ಗೊತ್ತಾಗುತ್ತದೆ. ಮುಂಬಯಿಯ ಹೋಟೆಲಿನಲ್ಲಿ ಮೂವತ್ತು ವರ್ಷ ಇದ್ದವರೂ "ಎಂತ ಮಾರಾಯ್ರೆ" ಎಂದ ಕೂಡಲೇ ಕುಂದಾಪುರದವರೆಂದು ತಿಳಿಯುವುದಿಲ್ಲವೇ! ಕೋಶಗಳೂ ಹಾಗೆಯೇ, ಹುಟ್ಟಿದ ಅಂಗದ ಕೆಲವು ಪ್ರೋಟೀನುಗಳನ್ನು ಬಿಡುವುದಿಲ್ಲ. ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯಗಳನ್ನು ಸ್ಲೈಡಿನ ಮೇಲೆ ಹಾಕಿದರೆ, ಆ ಪ್ರೋಟೀನು ಇರುವಲ್ಲಿ ಕಂದು ಬಣ್ಣ ಮೂಡುತ್ತದೆ. ಶ್ವಾಸಕೋಶದ ಗ್ರಂಥಿಕ್ಯಾನ್ಸರುಗಳಲ್ಲಿ ಹೆಚ್ಚಿನವು ಟಿಟಿಎಫ್-1 ಎಂಬ ಪ್ರೋಟೀನನ್ನು ತೋರಿಸುತ್ತವೆ. ಸ್ತ್ರೀ ಜನನಾಂಗಗಳಲ್ಲಿ ಹುಟ್ಟಿದ ಹಲವು ಕ್ಯಾನ್ಸರುಗಳು ಪ್ಯಾಕ್ಸ್-8 ಅನ್ನು ತೋರಿಸುತ್ತವೆ.

ಸಾಮಾನ್ಯ ಗರ್ಭಕಂಠದ ಕ್ಯಾನ್ಸರಾಗಿದ್ದರೆ ಕೆಲಸ ಇನ್ನೂ ಸುಲಭ. ಎಚ್‌ಪಿವಿ ವೈರಸ್ಸಿನ ಇ7 ಎಂಬ ಪ್ರೋಟೀನು ಕೋಶವಿಭಜನೆಯ ಬ್ರೇಕನ್ನು ಮುರಿಯುತ್ತದೆ. ಅದರ ಪರಿಣಾಮವಾಗಿ ಪಿ16 ಎಂಬ ಪ್ರೋಟೀನು ಕೋಶದಲ್ಲಿ ರಾಶಿ ಬೀಳುತ್ತದೆ. ಶ್ವಾಸಕೋಶದ ಗಂಟಿನಲ್ಲಿ ಪಿ16 ದಟ್ಟವಾಗಿ ಕಂಡು, ಜೊತೆಗೆ ಎಚ್‌ಪಿವಿಯ ಡಿ.ಎನ್.ಎ.ಯೋ ಆರ್.ಎನ್.ಎ.ಯೋ ಸಿಕ್ಕರೆ ಅದು ಗರ್ಭಕಂಠದಿಂದ ಬಂದದ್ದೆಂದು ಹೆಚ್ಚುಕಡಿಮೆ ಸಹಿ ಹಾಕಿದಂತೆ. ಆದರೆ ನಮ್ಮ ಅಜ್ಜಿಯದು ವೈರಸ್ಸಿನ ಸಹವಾಸವೇ ಇಲ್ಲದ ಬಗೆ. ಆ ಸಹಿ ಇಲ್ಲಿ ಸಿಗದು. ಇನ್ನೂ ತೊಡಕೆಂದರೆ, ಶ್ವಾಸಕೋಶದ ಲೋಳೆ ಮಾದರಿಯ ಕ್ಯಾನ್ಸರಿನಲ್ಲಿ ಟಿಟಿಎಫ್-1 ಕೂಡ ಎಷ್ಟೋ ಸಲ ಕಾಣುವುದಿಲ್ಲ. ಹಾಗಾಗಿ ಅದು ಇಲ್ಲವೆಂಬುದರಿಂದ ಏನೂ ಸಾಬೀತಾಗುವುದಿಲ್ಲ.

ಆಗ ರೋಗಶಾಸ್ತ್ರಜ್ಞರು ಕೇಳುವ ಪ್ರಶ್ನೆ, "ಹಳೆಯ ಸ್ಲೈಡು ಇದೆಯೇ?"

ಹೊಸದನ್ನೂ ಹಳೆಯದನ್ನೂ ಅಕ್ಕಪಕ್ಕ ಇಟ್ಟು ನೋಡುವಷ್ಟು ನಿಚ್ಚಳವಾದ ಪರೀಕ್ಷೆ ಇನ್ನೊಂದಿಲ್ಲ. ಸ್ಲೈಡು ಮಾಸಿದ್ದರೂ ಮೇಣದ ಬ್ಲಾಕು ಇದ್ದರೆ ಅದರಿಂದ ಮತ್ತೆ ಹೆರೆದು ಹೊಸ ಸ್ಲೈಡು ಮಾಡಬಹುದು. ಒಂಬತ್ತು ವರ್ಷದ ಹಿಂದೆ ಲಭ್ಯವಿಲ್ಲದಿದ್ದ ಬಣ್ಣಗಳನ್ನು ಈಗ ಕಟ್ಟಬಹುದು. ಎರಡೂ ತುಂಡುಗಳ ವಂಶವಾಹಿಗಳನ್ನು ಓದಿ ಹೋಲಿಸಲೂಬಹುದು. ಜಠರ ಮಾದರಿಯ ಗಡ್ಡೆಗಳಲ್ಲಿ ಎಸ್‌ಟಿಕೆ11, ಟಿಪಿ53 ಮೊದಲಾದ ವಂಶವಾಹಿಗಳಲ್ಲಿ ದೋಷ ಕಾಣುವುದುಂಟು. ಹಳೆಯ ಗಡ್ಡೆಯಲ್ಲಿದ್ದ ಅದೇ ಅಕ್ಷರದೋಷಗಳು ಶ್ವಾಸಕೋಶದ ಗಂಟಿನಲ್ಲಿಯೂ ಅದೇ ಜಾಗದಲ್ಲಿ ಇದ್ದರೆ ಎರಡೂ ಒಂದೇ ವಂಶದವು. ಪರೀಕ್ಷೆಯಲ್ಲಿ ಇಬ್ಬರು ಹುಡುಗರು ಒಂದೇ ತಪ್ಪು ಬರೆದರೆ ಮೇಷ್ಟರು ಏನು ತಿಳಿಯುತ್ತಾರೋ ಅದೇ ತರ್ಕ.

ಹಳೆಯ ಸ್ಲೈಡಿನ ಬೆಲೆಗೆ ಇತಿಹಾಸದಲ್ಲಿ ಒಂದು ದೊಡ್ಡ ಉದಾಹರಣೆಯಿದೆ. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆ ಬಂದರು. ಗರ್ಭಕಂಠದ ಚಪ್ಪಟೆ ಕೋಶದ ಕ್ಯಾನ್ಸರ್ ಎಂದು ವರದಿಯಾಯಿತು. ರೇಡಿಯಂ ಚಿಕಿತ್ಸೆ ಕೊಟ್ಟರೂ ರೋಗ ಅತಿ ವೇಗವಾಗಿ ಹರಡಿ, ಅದೇ ವರ್ಷ ಅಕ್ಟೋಬರ್ 4ರಂದು ಅವರು ತೀರಿಕೊಂಡರು. ಮೂವತ್ತೊಂದೇ ವರ್ಷ. ಅವರನ್ನಾಗಲಿ ಮನೆಯವರನ್ನಾಗಲಿ ಕೇಳದೆ ತೆಗೆದ ಕೋಶಗಳು ಜಾರ್ಜ್ ಗೈ ಅವರ ಪ್ರಯೋಗಾಲಯದಲ್ಲಿ ಸಾಯದೆ ಬೆಳೆಯುತ್ತ ಹೋದವು. ಹೀಲಾ ಎಂಬ ಹೆಸರಿನಲ್ಲಿ ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಇಪ್ಪತ್ತು ವರ್ಷಗಳ ಮೇಲೆ ಹಳೆಯ ಸ್ಲೈಡನ್ನು ಮತ್ತೆ ಪರಿಶೀಲಿಸಿದ ಹೊವರ್ಡ್ ಜೋನ್ಸ್ ಮತ್ತು ಸಂಗಡಿಗರು 1971ರಲ್ಲಿ ಬರೆದರು: ಅದು ಚಪ್ಪಟೆ ಕೋಶದ ಕ್ಯಾನ್ಸರಲ್ಲ, ಗ್ರಂಥಿಕ್ಯಾನ್ಸರ್. ಗಾಜಿನ ತುಂಡೊಂದನ್ನು ಯಾರೋ ಜೋಪಾನವಾಗಿ ಇಟ್ಟಿದ್ದರಿಂದ ತಪ್ಪು ತಿದ್ದಲು ಸಾಧ್ಯವಾಯಿತು.

ನಮ್ಮಲ್ಲಿ ಏನಾಗುತ್ತದೆ? ಪ್ರಯೋಗಾಲಯಗಳು ಬ್ಲಾಕುಗಳನ್ನು ಕೆಲವು ವರ್ಷ ಇಟ್ಟುಕೊಳ್ಳುತ್ತವೆ, ಅವಧಿ ಮೀರಿದ ಮೇಲೆ ವಿಲೇವಾರಿ ಮಾಡುತ್ತವೆ. ರೋಗಿಯ ಬಳಿ ಬಯಾಪ್ಸಿಯ ವರದಿ ಇದ್ದರೆ, ಅದರ ಮೇಲಿರುವ ಸಂಖ್ಯೆಯಿಂದ ಬ್ಲಾಕನ್ನು ಕಪಾಟಿನಿಂದ ಹುಡುಕಿ ತೆಗೆಯಬಹುದು. ಬೇರೆ ಆಸ್ಪತ್ರೆಗೆ ಒಯ್ಯಲು ಕೇಳಿ ಪಡೆಯಬಹುದು. ವರದಿಯೇ ಇಲ್ಲದಿದ್ದರೆ? ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಕರಾವಳಿಯಲ್ಲಿ ಕಾಗದಕ್ಕೆ ಆಯುಷ್ಯ ಕಡಿಮೆ. ಮನೆ ಹೊಸದಾಗಿ ಕಟ್ಟುವಾಗ, ಮಗ ಬೆಂಗಳೂರಿಗೆ ಹೋಗುವಾಗ, ಅಟ್ಟ ಗುಡಿಸುವಾಗ ಮೊದಲು ಹೋಗುವುದು ಆ ಪ್ಲಾಸ್ಟಿಕ್ ಚೀಲ. "ಕಾಯಿಲೆಯ ಕಾಗದ ಮನೆಯಲ್ಲಿ ಇಡಬಾರದು" ಎಂದು ಒಲೆಗೆ ಹಾಕಿದವರನ್ನೂ ನಾನು ಬಲ್ಲೆ. ಎಕ್ಸ್‌ರೇ ಫಿಲ್ಮು ಹೋದರೆ ಅಷ್ಟೇನೂ ನಷ್ಟವಿಲ್ಲ, ಔಷಧದ ಬಿಲ್ಲು ಹೋದರೂ ಪರವಾಗಿಲ್ಲ. ಬಯಾಪ್ಸಿ ವರದಿ ಮತ್ತು ಬಿಡುಗಡೆಯ ಸಾರಾಂಶ, ಈ ಎರಡು ಹಾಳೆ ಉಳಿಯಬೇಕು. ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ. ಎರಡು ಫೋಟೋ ತೆಗೆದು ಮನೆಯ ಇಬ್ಬರಲ್ಲಿ ಇಟ್ಟರೆ ಸಾಕು. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಈ ಭಾನುವಾರವೇ ಮಾಡಬಹುದಾದ ಕೆಲಸ.

ನಮ್ಮ ಕಲ್ಪನೆಯ ಅಜ್ಜಿಯ ವರದಿ ಬ್ರಹ್ಮಾವರದ ಮಗಳ ಮನೆಯ ಟ್ರಂಕಿನಲ್ಲಿ, ಸೀರೆಯ ಮಡಿಕೆಯೊಳಗೆ ಇತ್ತು ಎಂದಿಟ್ಟುಕೊಳ್ಳಿ. ಬ್ಲಾಕು ಸಿಕ್ಕಿತು. ಗ್ರಂಥಿಗಳ ವಿನ್ಯಾಸ ಒಂದೇ, ಎರಡರಲ್ಲಿಯೂ ಪ್ಯಾಕ್ಸ್-8 ಇದೆ, ವಂಶವಾಹಿಯ ದೋಷಗಳೂ ಹೊಂದಿಕೊಂಡವು. ಹಳೆಯ ರೋಗವೇ.

ಇದರಿಂದ ಪ್ರಯೋಜನವೇನು ಎಂದು ನೀವು ಕೇಳಬಹುದು. ಹರಡಿದ ಕ್ಯಾನ್ಸರನ್ನು ಬೇರುಸಹಿತ ಕೀಳುವುದು ಬಹಳ ಸಲ ಸಾಧ್ಯವಿಲ್ಲ. ಜಠರ ಮಾದರಿಯದು ಔಷಧಕ್ಕೆ ಅಷ್ಟಾಗಿ ಬಗ್ಗುವುದೂ ಇಲ್ಲ. ಈ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ನಿಧಾನವಾಗಿ ಬೆಳೆದು, ಒಂದೆರಡೇ ಗಂಟು ಇದ್ದಲ್ಲಿ ಅವನ್ನು ಕತ್ತರಿಸಿ ತೆಗೆಯುವುದೋ, ನಿಖರವಾದ ವಿಕಿರಣದಿಂದ ಸುಡುವುದೋ ಸಾಧ್ಯ. ಹಾಗೆ ಮಾಡಿ ಹಲವು ವರ್ಷ ಬದುಕಿದವರಿದ್ದಾರೆ. ಹೆಚ್ಚು ಗಂಟುಗಳಿದ್ದರೆ ಸಿಸ್ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್, ಜೊತೆಗೆ ಪ್ಯಾಕ್ಲಿಟ್ಯಾಕ್ಸೆಲ್. ಹೊಸ ರಕ್ತನಾಳ ಹುಟ್ಟದಂತೆ ತಡೆಯುವ ಬೆವಾಸಿಜುಮಾಬ್ ಅನ್ನು ಮುಂದುವರಿದ ಗರ್ಭಕಂಠದ ಕ್ಯಾನ್ಸರಿಗೆ ಬಳಸಲು ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು. ಫೋಕ್ಮನ್ ಅವರ ವಾದ ಈ ಕ್ಯಾನ್ಸರಿನ ಚಿಕಿತ್ಸೆಯವರೆಗೆ ಬರಲು ನಲವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು ನೋಡಿ. ಔಷಧ ಬೇಡವೆಂದರೂ ಕೆಮ್ಮು, ನೋವು, ಉಬ್ಬಸಗಳನ್ನು ಇಳಿಸುವ ಉಪಶಮನ ಚಿಕಿತ್ಸೆಯಿದೆ.

ಎಸ್‌ಟಿಕೆ11 ವಂಶವಾಹಿಯ ದೋಷ ಗಡ್ಡೆಯಲ್ಲಿ ಸಿಕ್ಕಾಗ ವೈದ್ಯರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ತುಟಿಯ ಮೇಲೆ, ಬಾಯಿಯೊಳಗೆ ಕಪ್ಪು ಚುಕ್ಕೆಗಳು ಬಾಲ್ಯದಿಂದಲೂ ಇವೆಯೇ ಎಂದು. ಪೊಯ್ಟ್ಸ್–ಜೆಗರ್ಸ್ ಎಂಬ ಆನುವಂಶಿಕ ತೊಂದರೆಯಿರುವ ಮನೆತನಗಳಲ್ಲಿ ಈ ಅಪರೂಪದ ಗರ್ಭಕಂಠ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು. ಅಂಥ ಚುಕ್ಕೆಗಳಿದ್ದರೆ ಬ್ರಹ್ಮಾವರದ ಮಗಳನ್ನೂ, ಕುಂದಾಪುರದ ಮೊಮ್ಮಗನನ್ನೂ ಕರೆಸಿ ರಕ್ತ ಪರೀಕ್ಷೆ ಮಾಡಬೇಕಾಗುತ್ತದೆ. ಗಡ್ಡೆಯಲ್ಲಿ ಮಾತ್ರ ಇರುವ ದೋಷ ಮಕ್ಕಳಿಗೆ ಹೋಗುವುದಿಲ್ಲ. ಹುಟ್ಟಿನಿಂದ ಎಲ್ಲ ಕೋಶಗಳಲ್ಲಿಯೂ ಇರುವ ದೋಷ ಮಾತ್ರ ಅರ್ಧಕ್ಕರ್ಧ ಸಂಭವದಿಂದ ಮುಂದಿನ ತಲೆಮಾರಿಗೆ ದಾಟುತ್ತದೆ. ಎರಡರಲ್ಲಿ ಯಾವುದು ಎಂಬುದನ್ನು ಅಜ್ಜಿಯ ತೋಳಿನಿಂದ ತೆಗೆದ ಒಂದು ಚಮಚ ರಕ್ತ ತಿಳಿಸುತ್ತದೆ. ಫಲಿತಾಂಶ ಬರಲು ಕೆಲವು ವಾರ ಹಿಡಿಯುತ್ತದೆ.